ನಾಲ್ಕು ಬಿಟ್ಟು ಉಳಿದದ್ದು ತೆಗೆ

ಚಳ್ಳಕೆರೆ, ಮೊಳಕಾಲ್ಮುರು ಕಡೆ ಹೊಲಕ್ಕೆ ಬಿಟ್ಟು ಸಾಕಿದ ಗಿನಿಕೋಳಿ, ನಾವು ಪುಟ್ಟಿಯಲ್ಲಿ ಹುಲ್ಲು ಹಾಸಿ ಕಾದರೂ ಅದರಲ್ಲಿ ಮೊಟ್ಟೆ ಇಡುವ ಜಾತಿಯಲ್ಲ. ಶೇಂಗಾ ಹೊಲದ ಬದು, ಬಳ್ಳಾರಿ ಜಾಲಿಯ ಬುಡ, ಬಣವೆಯ ಸಂದಿ, ಎಲ್ಲಿ ಮರೆ ಸಿಕ್ಕಿತೋ ಅಲ್ಲಿ ನೆಲ ಕೆದರಿ ಗುಂಡಿ ಮಾಡುತ್ತದೆ. ಒಂದೇ ಗುಂಡಿಗೆ ಹಲವು ಹ್ಯಾಟೆಗಳು ಮೊಟ್ಟೆ ಇಡುವುದೂ ಉಂಟು. ಹುಡುಕುವವರು ಹುಂಜದ ಮೇಲೆ ಕಣ್ಣಿಡಬೇಕು. ಹ್ಯಾಟೆ ಒಳಗೆ ಕೂತಾಗ ಅದು ಪೊದೆಯ ಹೊರಗೆ ಕಾವಲು ನಿಂತಿರುತ್ತದೆ.

ಗುಂಡಿ ಸಿಕ್ಕ ಮೇಲೇ ನಿಜವಾದ ಪೇಚಾಟ. ಎಲ್ಲ ಬಾಚಿಕೊಂಡರೆ ಕೋಳಿ ಜಾಗ ಬದಲಿಸುತ್ತದೆ. ಎಲ್ಲ ಬಿಟ್ಟರೆ ಮೊಟ್ಟೆ ನಿಲ್ಲಿಸಿ ಕಾವಿಗೆ ಕೂರುತ್ತದೆ. ರಾತ್ರಿ ಬಯಲಲ್ಲಿ ಕೂತ ಕೋಳಿ ನರಿಯ ಪಾಲು. ನಾಲ್ಕು ಬಿಟ್ಟು ಉಳಿದದ್ದು ತೆಗೆದರೆ ಮತ್ತೆ ಇಡುತ್ತ ಹೋಗುತ್ತದೆ. ಇದು ಏಕೆ ಹೀಗೆ?

1883ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಚಾರ್ಲ್ಸ್ ಫಿಲಿಪ್ಸ್ ಎಂಬಾತ ಒಂದು ಮರಕುಟಿಗದ ಪೊಟರೆಯಲ್ಲಿ ಒಂದೇ ಮೊಟ್ಟೆ ಉಳಿಸಿ, ಹೊಸದನ್ನು ದಿನವೂ ತೆಗೆಯುತ್ತ ಬಂದ. ಪಾಪದ ಹಕ್ಕಿ 73 ದಿನದಲ್ಲಿ 71 ಮೊಟ್ಟೆ ಇಟ್ಟಿತು! ಗೂಡು ತುಂಬಿತೆಂಬ ಸುದ್ದಿ ಹೇಗೋ ಹಕ್ಕಿಯ ಮೈಗೆ ಮುಟ್ಟುತ್ತದೆ, ಮುಟ್ಟದಿದ್ದರೆ ಮೊಟ್ಟೆ ನಿಲ್ಲುವುದಿಲ್ಲ ಎಂಬುದಷ್ಟು ಖಚಿತವಾಯಿತು.

ಮುಂದಿನ ಎಳೆ ಸಿಕ್ಕಿದ್ದು ಕೋಳಿಯಲ್ಲಲ್ಲ, ಪಾರಿವಾಳದಲ್ಲಿ. ಗಂಡು ಹೆಣ್ಣು ಎರಡೂ ಪಾರಿವಾಳ ಗಂಟಲಚೀಲದಲ್ಲಿ ‘ಹಾಲು’ ಕಟ್ಟಿ ಮರಿಗೆ ಉಣಿಸುತ್ತವೆ. ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಆಸ್ಕರ್ ರಿಡಲ್ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಪಾರಿವಾಳಗಳಿಗೆ ಚುಚ್ಚಿದರು. ಚೀಲದ ಗೋಡೆ ದಪ್ಪಗಾಯಿತು. ಆ ಚೀಲವನ್ನೇ ತೂಗಿ ಸಾರದ ಬಲ ಅಳೆದರು. ಅದರಲ್ಲಿದ್ದ ಹಾರ್ಮೋನಿಗೆ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. 1935ರಲ್ಲಿ ರಿಡಲ್, ಬೇಟ್ಸ್, ಲಾರ್ ಅದನ್ನು ಮೊಟ್ಟೆ ಇಡುತ್ತಿದ್ದ ಕೋಳಿಗಳಿಗೆ ಚುಚ್ಚಿದಾಗ ಅವು ಮೊಟ್ಟೆ ಬಿಟ್ಟು ಕಾವಿಗೆ ಕೂತವು.

ಹೊಟ್ಟೆಯಡಿಯ ಬರಿಚರ್ಮಕ್ಕೆ ಮೊಟ್ಟೆಗಳು ತಾಗಿದಷ್ಟೂ ಪ್ರೊಲ್ಯಾಕ್ಟಿನ್ ಏರುತ್ತದೆ, ಏರಿದಷ್ಟೂ ಅಂಡಾಶಯ ಸುಮ್ಮನಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಕಾವು ಬಿಡಿಸಲು ಕೋಳಿಯನ್ನು ತಣ್ಣೀರಲ್ಲಿ ಅದ್ದುವವರು, ಮೂಗಿಗೆ ಪುಕ್ಕ ಪೋಣಿಸುವವರು ಹೊಡೆದಾಡುತ್ತಿದ್ದದ್ದು ಇದೇ ಹಾರ್ಮೋನಿನ ಜತೆ. ಪುಕ್ಕದ ಹಿಂಸೆ ನನಗಂತೂ ಒಪ್ಪದು.

ಕತೆಯ ಕೊನೆಯ ತುಂಡು ನಮ್ಮ ಬೆಂಗಳೂರಿನದು. ಆಡುಗೋಡಿಯ ರಾಷ್ಟ್ರೀಯ ಪಶು ಆಹಾರ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿ ಐ. ಜೆ. ರೆಡ್ಡಿ ಮತ್ತಿತರರು ಬ್ರೊಮೊಕ್ರಿಪ್ಟಿನ್ ಕೊಟ್ಟು ಕೋಳಿಗಳ ಪ್ರೊಲ್ಯಾಕ್ಟಿನ್ ಇಳಿಸಿದರು. ಮನುಷ್ಯರಲ್ಲಿ ಇದೇ ಹಾರ್ಮೋನು ಅತಿಯಾದಾಗ ಕೊಡುವ ಔಷಧಿ ಅದು. ಕೋಳಿಗಳು ನಡುನಡುವೆ ಬಿಡುವು ತೆಗೆದುಕೊಳ್ಳುವುದು ಕಡಿಮೆಯಾಗಿ ಮೊಟ್ಟೆ ಹೆಚ್ಚಾದವು.

ಹಿತ್ತಲಲ್ಲಿ ಹತ್ತು ಗಿನಿಕೋಳಿ ಇರುವವರಿಗೆ ಆ ಔಷಧಿ ಬೇಕಿಲ್ಲ. ಮಧ್ಯಾಹ್ನದವರೆಗೆ ಕೂಡಿಹಾಕಿದರೆ ಬಹಳಷ್ಟು ಮೊಟ್ಟೆ ಒಳಗೇ ಬೀಳುತ್ತವೆ. ಹೊರಗಿನ ಗುಂಡಿಯದ್ದನ್ನು ತಂದು ಕಾವಿಗೆ ಕೂತ ನಾಟಿ ಹ್ಯಾಟೆಯ ಕೆಳಗೆ ಇಟ್ಟರಾಯಿತು. ಆದರೆ ಅದರ ಸ್ವಂತ ಮೊಟ್ಟೆಗಳನ್ನು ಜತೆಗಿಡಬಾರದು. ನಾಟಿಗೆ 21 ದಿನ ಸಾಕು, ಗಿನಿಗೆ 26ರಿಂದ 28 ದಿನ ಬೇಕು. ತನ್ನ ಮರಿ ಹೊರಬಂದ ಕೂಡಲೇ ಹ್ಯಾಟೆ ಅವನ್ನು ಕಟ್ಟಿಕೊಂಡು ಎದ್ದುಬಿಡುತ್ತದೆ, ಗಿನಿ ಮೊಟ್ಟೆ ತಣ್ಣಗಾಗುತ್ತವೆ.