ಕೈಕೇಯಿಯ ಪಾಲು, ದೈವದ ಪಾಲು

ವಾಲ್ಮೀಕಿ ರಾಮಾಯಣವನ್ನು ಬಾಲಕಾಂಡದಿಂದ ಓದುತ್ತ ಬಂದವರಿಗೆ ರಾಮನ ವನವಾಸವು ಆಕಸ್ಮಿಕವಲ್ಲವೆಂಬುದು ಮೊದಲೇ ತಿಳಿದಿರುತ್ತದೆ. ದೇವ, ದಾನವ, ಗಂಧರ್ವ, ಯಕ್ಷರಿಂದ ತನಗೆ ಸಾವು ಬಾರದಿರಲೆಂದು ಬ್ರಹ್ಮನಿಂದ ವರ ಪಡೆದ ರಾವಣನು ಮನುಷ್ಯರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕೈಬಿಟ್ಟಿದ್ದರಿಂದ ವಿಷ್ಣುವು ದಶರಥನ ಮಗನಾಗಿ ಹುಟ್ಟಬೇಕಾಯಿತು. ಹಾಗೆ ಹುಟ್ಟಿದವನು ಅಯೋಧ್ಯೆಯ ಸಿಂಹಾಸನದಲ್ಲೇ ಕುಳಿತುಬಿಟ್ಟರೆ ಲಂಕೆಯ ಕೆಲಸ ಆಗುವುದಿಲ್ಲ. ಅವನನ್ನು ಯಾರಾದರೂ ಕಾಡಿಗೆ ಅಟ್ಟಬೇಕಿತ್ತು, ಅಟ್ಟಿದವಳು ಕೈಕೇಯಿ. ಹಾಗಾದರೆ ಅವಳು ಮಾಡಿದ್ದು ತಪ್ಪೋ ದೇವಕಾರ್ಯವೋ ಎಂಬ ಪ್ರಶ್ನೆ ಹರಿಕಥೆಯ ಚಪ್ಪರದಲ್ಲೂ ತಾಳಮದ್ದಳೆಯ ಅರ್ಥಗಾರಿಕೆಯಲ್ಲೂ ಇಂದಿಗೂ ಏಳುತ್ತಲೇ ಇದೆ.

ವಾಲ್ಮೀಕಿಯು ಈ ಪ್ರಶ್ನೆಗೆ ಸುಲಭದ ಉತ್ತರ ಕೊಡದೆ, ಕೈಕೇಯಿಯ ಮನಸ್ಸು ತಿರುಗಿದ ಬಗೆಯನ್ನು ಎಳೆಎಳೆಯಾಗಿ ಬಿಡಿಸಿ ತೋರಿಸುತ್ತಾನೆ. ಅರಮನೆಯ ಮಹಡಿಯಿಂದ ಊರಿನ ಸಡಗರವನ್ನು ಕಂಡು ಕೆಳಗಿಳಿದು ಬಂದ ಮಂಥರೆಯು ನಾಳೆ ರಾಮನಿಗೆ ಪಟ್ಟವೆಂಬ ಸುದ್ದಿಯನ್ನು ಉರಿಯುತ್ತ ಹೇಳಿದಾಗ, ಕೈಕೇಯಿ ಹಿಗ್ಗಿ ಅವಳಿಗೆ ಒಂದು ಒಡವೆಯನ್ನು ಉಡುಗೊರೆಯಾಗಿ ಕೊಡುತ್ತಾಳೆ. ರಾಮ ಬೇರೆ, ಭರತ ಬೇರೆ ಎಂಬ ಭೇದವನ್ನು ತಾನು ಕಾಣೆನೆಂದೂ ಹೇಳುತ್ತಾಳೆ. ಮಂಥರೆ ಆ ಒಡವೆಯನ್ನು ಎಸೆದುಬಿಡುತ್ತಾಳೆ. ಆಮೇಲೆ ಅವಳು ಆಡುವ ಮಾತುಗಳಲ್ಲಿ ದೇವರ ಸುಳಿವೂ ಇಲ್ಲ, ಲಂಕೆಯ ಸುಳಿವೂ ಇಲ್ಲ. ಕೌಸಲ್ಯೆ ರಾಜಮಾತೆಯಾದರೆ ಕೈಕೇಯಿ ಅವಳ ಮುಂದೆ ದಾಸಿಯಂತೆ ಕೈಕಟ್ಟಿ ನಿಲ್ಲಬೇಕಾದೀತು, ಭರತನನ್ನು ಬೇಕೆಂದೇ ಸೋದರಮಾವನ ಮನೆಗೆ ಸಾಗಹಾಕಲಾಗಿದೆ ಎಂಬಂಥ, ಯಾವ ಅವಿಭಕ್ತ ಕುಟುಂಬದ ಹಿತ್ತಲಿನಲ್ಲಾದರೂ ಕೇಳಿಬರಬಹುದಾದ, ಸವತಿಯ ಭಯದ ಮಾತುಗಳಷ್ಟೇ ಇವೆ. ಹಿಂದೆ ದೇವಾಸುರ ಯುದ್ಧದಲ್ಲಿ ಗಾಯಗೊಂಡು ಎಚ್ಚರ ತಪ್ಪಿದ ದಶರಥನನ್ನು ರಣರಂಗದಿಂದ ಪಾರುಮಾಡಿದ್ದಕ್ಕಾಗಿ ದೊರೆತಿದ್ದ ಎರಡು ವರಗಳು ಕೈಕೇಯಿಯ ಬಳಿ ಕೇಳದೆ ಉಳಿದಿದ್ದವು. ಗಂಡನ ಪ್ರಾಣ ಉಳಿಸಿ ಗಳಿಸಿದ್ದ ಆ ವರಗಳೇ ಕೊನೆಗೆ ಅವನ ಪ್ರಾಣ ತೆಗೆದವು.

ಸ್ವಾರ್ಥದ ಲೆಕ್ಕವನ್ನು ಕೈಕೇಯಿಯೊಬ್ಬಳ ತಲೆಗೆ ಕಟ್ಟುವವರು ದಶರಥನ ಆತುರವನ್ನು ಮರೆತುಬಿಡುತ್ತಾರೆ. ಪಟ್ಟದ ನಿರ್ಧಾರವಾದ ಮೇಲೆ ಅವನು ರಾಮನನ್ನು ಎರಡನೆಯ ಸಲ ಕರೆಸಿಕೊಂಡು, ತನ್ನ ಜನ್ಮನಕ್ಷತ್ರವನ್ನು ಕ್ರೂರಗ್ರಹಗಳು ಪೀಡಿಸುತ್ತಿರುವುದನ್ನು ಹೇಳಿ, ಭರತನು ಸಜ್ಜನನೇ ಆದರೂ ಮನುಷ್ಯರ ಮನಸ್ಸು ಒಂದೇ ಸಮನಾಗಿ ಇರುವುದಿಲ್ಲವಾದ್ದರಿಂದ, ಅವನು ಊರಿನಲ್ಲಿ ಇಲ್ಲದಿರುವಾಗಲೇ ಪಟ್ಟಾಭಿಷೇಕ ಮುಗಿಯುವುದು ಲೇಸೆಂದು ಸೂಚಿಸುತ್ತಾನೆ. ಮುಂದೆ ಚಿತ್ರಕೂಟದಲ್ಲಿ ಸ್ವತಃ ರಾಮನೇ ಹೊರಗೆಡಹುವಂತೆ, ಕೈಕೇಯಿಯನ್ನು ಮದುವೆಯಾಗುವಾಗ ಅವಳ ಮಗನಿಗೇ ರಾಜ್ಯವೆಂದು ದಶರಥನು ಅವಳ ತಂದೆಗೆ ಮಾತು ಕೊಟ್ಟಿದ್ದ. ಕನ್ಯಾಶುಲ್ಕವಾಗಿ ಕೊಡುವ ಇಂಥ ವಾಗ್ದಾನಕ್ಕೆ ರಾಜ್ಯಶುಲ್ಕವೆಂದು ಹೆಸರು. ಇದರ ಹಿಂದೆ ಇನ್ನೂ ಹಳೆಯದೊಂದು ಸಾಲವಿತ್ತು. ಯೌವನದಲ್ಲಿ, ಮಳೆಗಾಲದ ಕತ್ತಲೆಯಲ್ಲಿ, ಸರಯೂ ದಂಡೆಯಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಶಬ್ದವೇಧಿ ಬಾಣದಿಂದ ಮುನಿಕುಮಾರನನ್ನು ಕೊಂದಿದ್ದ ದಶರಥನಿಗೆ, ಪುತ್ರಶೋಕದಿಂದಲೇ ಸಾವೆಂಬ ಶಾಪ ತಗುಲಿತ್ತು. ರಾಮನು ಕಾಡಿಗೆ ಹೋದ ಆರನೆಯ ರಾತ್ರಿ ಅವನು ಅದನ್ನು ಕೌಸಲ್ಯೆಗೆ ಹೇಳಿ ಪ್ರಾಣಬಿಟ್ಟ.

ಹೀಗೆ ಒಂದೊಂದು ಕೈಯೂ ತನ್ನ ತನ್ನ ಕಾರಣಕ್ಕೇ ಚಾಚಿಕೊಂಡಿದ್ದರೂ ಎಲ್ಲವೂ ಕೂಡಿ ಎಳೆದದ್ದು ಒಂದೇ ದಿಕ್ಕಿಗೆ. ಈ ಕೂಡಿಕೆಗೆ ರಾಮನು ಕೊಡುವ ಹೆಸರು ದೈವ. ಅಯೋಧ್ಯಾಕಾಂಡದ 22ನೆಯ ಸರ್ಗದಲ್ಲಿ ಅವನು ಲಕ್ಷ್ಮಣನನ್ನು ಸಮಾಧಾನಪಡಿಸುತ್ತ, ಹೆತ್ತ ಮಗನಂತೆಯೇ ತನ್ನನ್ನು ಕಂಡ ಕೈಕೇಯಿ ಇದ್ದಕ್ಕಿದ್ದಂತೆ ಹೀಗೆ ಮಾತಾಡಬೇಕಾದರೆ ಅದು ದೈವವಲ್ಲದೆ ಬೇರೆಯಲ್ಲವೆಂದೂ, ದೈವವೆಂಬುದು ಫಲದಲ್ಲಿ ಮಾತ್ರ ಗೋಚರಿಸುವಂಥದು, ಅದರೊಡನೆ ಹೋರಾಡುವುದು ಯಾರಿಂದಲೂ ಆಗದೆಂದೂ ಹೇಳುತ್ತಾನೆ. ಮರುಸರ್ಗದಲ್ಲೇ ಲಕ್ಷ್ಮಣ ಸಿಡಿದು, ದೈವವನ್ನು ನೆಚ್ಚುವುದು ಕೈಲಾಗದವರ ಲಕ್ಷಣವೆಂದೂ, ಅಂಥ ದೈವವನ್ನು ತನ್ನ ಪೌರುಷದಿಂದ ಹಿಮ್ಮೆಟ್ಟಿಸುವೆನೆಂದೂ ಗುಡುಗುತ್ತಾನೆ. ಕವಿಯು ಇಬ್ಬರ ಮಾತಿಗೂ ಪೂರ್ತಿ ಜಾಗ ಕೊಟ್ಟಿದ್ದಾನೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ದೈವದ ಮಾತನ್ನು ಆಡುವವನು ನಷ್ಟ ಅನುಭವಿಸಿದ ರಾಮನೇ ಹೊರತು ವರ ಬೇಡಿದ ಕೈಕೇಯಿಯಲ್ಲ, ರಾಜ್ಯ ಕೈಗೆ ಬಂದ ಭರತನೂ ಅಲ್ಲ. ಭರತನಂತೂ ತಾಯಿಯನ್ನು ಕಟುವಾಗಿ ನಿಂದಿಸುತ್ತಾನೆ; ಭರದ್ವಾಜರ ಆಶ್ರಮದಲ್ಲಿ, ರಾಮನ ವನವಾಸವು ಮುಂದೆ ಒಳಿತಿಗೇ ಆಗುವುದಾದ್ದರಿಂದ ಕೈಕೇಯಿಯಲ್ಲಿ ದೋಷ ಎಣಿಸಬೇಡವೆಂದು ಆ ಋಷಿಯೇ ಅವನಿಗೆ ಹೇಳಬೇಕಾಗುತ್ತದೆ.

ಮುಂದಿನ ಕವಿಗಳಿಗೆ ಈ ಇಬ್ಬಂದಿ ಸಹ್ಯವಾಗಲಿಲ್ಲ. ಅಧ್ಯಾತ್ಮ ರಾಮಾಯಣದಲ್ಲಿ ದೇವತೆಗಳು ಸರಸ್ವತಿಯನ್ನು ಕಳುಹಿಸಿ, ಅವಳು ಮೊದಲು ಮಂಥರೆಯನ್ನೂ ಅನಂತರ ಕೈಕೇಯಿಯನ್ನೂ ಹೊಗುವಂತೆ ಮಾಡುತ್ತಾರೆ. ಭಾಸನ ‘ಪ್ರತಿಮಾ’ ನಾಟಕದ ಕೈಕೇಯಿ, ಮುನಿಶಾಪವು ಸಲ್ಲಲೆಂದೇ ಮಗನ ಅಗಲಿಕೆಯನ್ನು ಬೇಡಿದೆನೆಂದೂ, ಹದಿನಾಲ್ಕು ದಿನವೆನ್ನಲು ಹೋಗಿ ಬಾಯಿತಪ್ಪಿ ಹದಿನಾಲ್ಕು ವರ್ಷವೆಂದೆನೆಂದೂ ಹೇಳುತ್ತಾಳೆ. 1949ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಕುವೆಂಪು ಮಂಥರೆಯನ್ನು ಮಮತೆಯ ಸುಳಿಯೆಂದು ಕರೆದು, ಅವಳ ಕೇಡಿನ ಬೇರನ್ನು ಭರತನ ಮೇಲಿನ ಪ್ರೀತಿಯಲ್ಲೇ ಕಂಡರು. ಇವುಗಳಲ್ಲಿ ಕುವೆಂಪು ಅವರ ದಾರಿಯೇ ಹೆಚ್ಚು ಮನವೊಪ್ಪುವಂಥದು. ಏಕೆಂದರೆ ನಾಲಗೆಯ ಮೇಲೆ ದೇವತೆಯನ್ನು ಕೂರಿಸಿದೊಡನೆ ಮನುಷ್ಯಳು ಗೊಂಬೆಯಾಗುತ್ತಾಳೆ, ಮಮತೆಯನ್ನು ಕಾರಣವಾಗಿಸಿದರೆ ಅವಳು ಮನುಷ್ಯಳಾಗಿಯೇ ಉಳಿಯುತ್ತಾಳೆ.

ಈ ತೊಡಕನ್ನು ದಾರ್ಶನಿಕರೂ ಎದುರಿಸಿದ್ದಾರೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನ ಕರ್ತೃತ್ವದ, ಅಂದರೆ ಮಾಡುವವನು ಯಾರೆಂಬುದರ, ಚರ್ಚೆ ಬಂದಾಗ ಜೀವನೇ ಕರ್ತೃವೆಂದು ಮೊದಲು ಸಾಧಿಸಿ, ಆ ಕರ್ತೃತ್ವವೂ ಪರಮಾತ್ಮನಿಂದಲೇ ಬಂದದ್ದೆಂದು ಅನಂತರ ಹೇಳಲಾಗಿದೆ. ಎರಡೂ ಮಾತು ಕೂಡಿ ನಿಲ್ಲುವುದು ಹೇಗೆಂಬುದಕ್ಕೆ ರಾಮಾನುಜರು ಶ್ರೀಭಾಷ್ಯದಲ್ಲಿ ಆಸ್ತಿಯ ಉದಾಹರಣೆಯೊಂದನ್ನು ಕೊಡುತ್ತಾರೆ. ಇಬ್ಬರಿಗೆ ಸೇರಿದ ಸೊತ್ತನ್ನು ಒಬ್ಬನು ಮೂರನೆಯವನಿಗೆ ಕೊಡಬೇಕಾದರೆ ಇನ್ನೊಬ್ಬನ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಕೊಡುಗೆ ನಡೆಯದು, ಆದರೂ ಕೊಟ್ಟದ್ದರ ಫಲ ಸಲ್ಲುವುದು ಕೊಡಲು ಹೊರಟವನಿಗೇ. ಜಂಟಿ ಪಟ್ಟೆಯ ಜಮೀನು ಮಾರಿದವರಿಗೆ, ಸಹಿ ಹಾಕಿದ ದಾಯಾದಿಯ ಮೇಲೆ ಕ್ರಯಪತ್ರದ ಹೊಣೆಯನ್ನೆಲ್ಲ ಹೊರಿಸಲಾಗದೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಈ ಅಳತೆಯಲ್ಲಿ ನೋಡಿದರೆ ರಾವಣವಧೆ ದೈವದ ಪಾಲು, ವರ ಬೇಡಿದಾಗ ಮನಸ್ಸಿನಲ್ಲಿದ್ದ ಹೊಟ್ಟೆಕಿಚ್ಚು ಕೈಕೇಯಿಯ ಪಾಲು.

ವಾಲ್ಮೀಕಿಯೂ ಹೀಗೆಯೇ ನೋಡಿದ್ದನೆಂಬುದಕ್ಕೆ ಯುದ್ಧಕಾಂಡದ ಕೊನೆಯ ಭಾಗದಲ್ಲಿ ಗುರುತು ಸಿಗುತ್ತದೆ. ರಾವಣನು ಸತ್ತ ಮೇಲೆ ವಿಮಾನದಲ್ಲಿ ಬಂದ ದಶರಥನು, ರಾವಣವಧೆಗಾಗಿ ದೇವತೆಗಳು ನಡೆಸಿದ್ದು ಇದೆಂದು ಈಗ ತಿಳಿಯಿತೆಂದು ರಾಮನಿಗೆ ಹೇಳುತ್ತಾನೆ. ಅದನ್ನು ಕೇಳಿಯೂ ರಾಮನು ಕೈಕೇಯಿ ನಿರಪರಾಧಿಯೆಂದು ವಾದಿಸುವುದಿಲ್ಲ. ಮಗನೊಡನೆ ನಿನ್ನನ್ನು ತೊರೆದೆನೆಂದು ಅಂದು ಅವಳಿಗೆ ಆಡಿದ ಘೋರವಾದ ಮಾತು ಅವಳನ್ನೂ ಭರತನನ್ನೂ ತಟ್ಟದಿರಲಿ, ಅವರ ಮೇಲೆ ಪ್ರಸನ್ನನಾಗು ಎಂದಷ್ಟೇ ತಂದೆಯನ್ನು ಕೈಮುಗಿದು ಬೇಡುತ್ತಾನೆ. ದಶರಥನು ಹಾಗೆಯೇ ಆಗಲೆಂದು ಒಪ್ಪಿ ಲಕ್ಷ್ಮಣನನ್ನು ಅಪ್ಪಿಕೊಳ್ಳುತ್ತಾನೆ.