ತೆರೆಯ ಮೇಲಿನ ಅರಣ್ಯಾಧಿಕಾರಿ, ಗೋಪಿನಾಥಂನ ಅರಣ್ಯಾಧಿಕಾರಿ

‘ಕ್ಯಾಪ್ಟನ್ ಪ್ರಭಾಕರನ್’ ಚಿತ್ರವು 2025ರ ಆಗಸ್ಟ್ ತಿಂಗಳಿನಲ್ಲಿ ಮತ್ತೆ ತೆರೆಕಂಡಾಗ, ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನನ್ನು ಸೇಲಂನ ಚಿತ್ರಮಂದಿರಕ್ಕೆ ಕರೆದೊಯ್ದೆನು. ನಾನು ಆ ಚಿತ್ರವನ್ನು ಮೊದಲ ಸಲ ನೋಡಿದ್ದು ಅವನಿಗಿಂತಲೂ ಚಿಕ್ಕವನಾಗಿದ್ದಾಗ, ಧರ್ಮಪುರಿಯ ಕಡೆಯ ಒಂದು ಟೂರಿಂಗ್ ಟಾಕೀಸಿನಲ್ಲಿ, ಮರಳಿನ ಮೇಲೆ ಕುಳಿತು. ಮರುದಿನ ಶಾಲೆಯ ಅಂಗಳದಲ್ಲಿ ನಾವೆಲ್ಲರೂ ಪ್ರಭಾಕರನ್ನರೇ. ವೀರಭದ್ರನಾಗಲು ಒಬ್ಬನೂ ಒಪ್ಪದಿದ್ದುದರಿಂದ ಆಟವೇ ನಿಂತುಹೋಗುತ್ತಿತ್ತು.

1991ರ ಏಪ್ರಿಲ್ 14ರಂದು, ತಮಿಳು ಹೊಸ ವರ್ಷದ ದಿನ, ಈ ಚಿತ್ರವು ಬಿಡುಗಡೆಯಾಯಿತು. ನಿರ್ದೇಶಕರು ಆರ್. ಕೆ. ಸೆಲ್ವಮಣಿ, ಸಂಗೀತ ಇಳಯರಾಜಾ ಅವರದು. ನಾಯಕ ವಿಜಯಕಾಂತ್ ಅವರಿಗೆ ಇದು ನೂರನೆಯ ಚಿತ್ರ. 2023ರ ಡಿಸೆಂಬರ್‌ನಲ್ಲಿ ಅವರು ತೀರಿಕೊಳ್ಳುವವರೆಗೂ ಜನರು ಅವರನ್ನು ‘ಕ್ಯಾಪ್ಟನ್’ ಎಂದೇ ಕರೆದರು. ಕಥೆ ಸರಳವಾದುದು. ಸತ್ಯಮಂಗಲದ ಕಾಡಿನಲ್ಲಿ ಶ್ರೀಗಂಧ ಮತ್ತು ಆನೆದಂತಗಳನ್ನು ಕದಿಯುವ ವೀರಭದ್ರನ್; ಅವನನ್ನು ಹಿಡಿಯಲು ಬರುವ ಅರಣ್ಯ ಸೇವೆಯ ಅಧಿಕಾರಿ ಪ್ರಭಾಕರನ್. ಮೀಸೆಯನ್ನು ನೋಡಿದೊಡನೆ ಆ ವೀರಭದ್ರನ್ ಯಾರೆಂಬುದು ನಮ್ಮ ಕಡೆಯ ಪ್ರೇಕ್ಷಕರಿಗೆ ತಿಳಿಯುತ್ತಿತ್ತು. ವೀರಪ್ಪನ್ ಆಗ ಜೀವಂತನಾಗಿದ್ದನು, ಕಾಡಿನಲ್ಲಿಯೇ ಇದ್ದನು.

ಚಿತ್ರವು ಮುಗಿದ ಬಳಿಕ ಮಗನು ಕೇಳಿದನು: “ಅಪ್ಪಾ, ನಿಜವಾದ ಪ್ರಭಾಕರನ್ ಯಾರು?”

ಚಿತ್ರವು ತೆರೆಕಂಡು ಏಳು ತಿಂಗಳೂ ತುಂಬಿರಲಿಲ್ಲ. 1991ರ ನವೆಂಬರ್ 10ರಂದು ಕರ್ನಾಟಕದ ಉಪ ಅರಣ್ಯ ಸಂರಕ್ಷಣಾಧಿಕಾರಿ ಪಿ. ಶ್ರೀನಿವಾಸ್ ಅವರು ಗೋಪಿನಾಥಂ ಬಳಿಯ ಎರಕೆಯಂ ಎಂಬಲ್ಲಿ ಕೊಲೆಯಾದರು. ಗೋಪಿನಾಥಂ ವೀರಪ್ಪನ್ನನ ಹುಟ್ಟೂರು; ನಮ್ಮ ಹೊಗೇನಕಲ್ಲಿಗೆ ಕಾವೇರಿಯ ಆಚೆ ದಡದ ಕಾಡಿನಲ್ಲಿದೆ. ಅಂದು ಮೈಸೂರು ಜಿಲ್ಲೆಗೆ ಸೇರಿದ್ದ ಊರು ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದೆ. ನಮ್ಮ ಓದುಗರು ಗಮನಿಸತಕ್ಕ ಸಂಗತಿಯೊಂದಿದೆ. ಆ ಊರಿನ ಸರ್ಕಾರಿ ಫಲಕಗಳು ಕನ್ನಡದಲ್ಲಿವೆ, ಜನರ ಮನೆಮಾತು ತಮಿಳು. ನಮ್ಮ ಬೀದಿಗಳಲ್ಲಿ ಫಲಕಗಳು ತಮಿಳಿನಲ್ಲಿವೆ, ಮನೆಯೊಳಗಿನ ಮಾತು ಕನ್ನಡ. ಆಂಧ್ರದ ರಾಜಮಹೇಂದ್ರಿಯಿಂದ ಬಂದು ಕರ್ನಾಟಕದ ಸೇವೆಯಲ್ಲಿದ್ದ ಶ್ರೀನಿವಾಸ್ ಅವರು ತಮಿಳು ಮಾತನಾಡುವ ಆ ಹಳ್ಳಿಯಲ್ಲಿಯೇ ತಂಗಿ, ಅಲ್ಲಿ ಚಿಕಿತ್ಸಾಲಯವೊಂದನ್ನು ತೆರೆದರು, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿದರು. ಕಳ್ಳಸಾಗಣೆಯ ಕೂಲಿಯನ್ನೇ ನಂಬಿದ್ದವರು ಅದನ್ನು ಬಿಟ್ಟು ಶರಣಾಗುವಂತೆ ಮನವೊಲಿಸಿದರು. ಕತ್ತಿಯಿಲ್ಲ, ಹೊಡೆದಾಟವಿಲ್ಲ. ಚಿತ್ರಕ್ಕೆ ಒದಗುವ ಸರಕೇ ಅಲ್ಲ ಅದು.

1986ರಲ್ಲಿ ವೀರಪ್ಪನ್ ಒಮ್ಮೆ ಸೆರೆಸಿಕ್ಕಿ, ಬೂದಿಪಡಗದ ಅರಣ್ಯ ಅತಿಥಿಗೃಹದಿಂದ ತಪ್ಪಿಸಿಕೊಂಡು ಹೋಗಿದ್ದನು. ಐದು ವರ್ಷಗಳ ಅನಂತರ, ಅವನು ಶರಣಾಗುವನೆಂಬ ಮಾತು ಅವನ ತಮ್ಮ ಅರ್ಜುನನ್ ಮೂಲಕ ಬಂದಿತು. ಶ್ರೀನಿವಾಸ್ ಅವರು ಆ ಮಾತನ್ನು ನಂಬಿ ನಿರಾಯುಧರಾಗಿ ನಡೆದುಹೋದರು. ಅವರನ್ನು ಗುಂಡಿಟ್ಟು ಕೊಂದು ಶಿರಚ್ಛೇದ ಮಾಡಲಾಯಿತು. ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರವನ್ನು ನೀಡಿತು.

ಮಗನು ಬಹಳ ಹೊತ್ತು ಸುಮ್ಮನಿದ್ದು, “ಬಂದೂಕನ್ನು ಏಕೆ ತೆಗೆದುಕೊಂಡು ಹೋಗಲಿಲ್ಲ?” ಎಂದನು. ಅವರ ಮನಸ್ಸಿನಲ್ಲಿದ್ದುದನ್ನು ನಾನು ಹೇಳಬಲ್ಲವನಲ್ಲ. ವಕೀಲನಾಗಿ ನನಗೆ ತೋಚಿದ್ದನ್ನಷ್ಟೇ ಹೇಳಿದೆನು: ಶರಣಾಗತಿ ಎಂಬುದು ಕಾನೂನಿನೊಳಕ್ಕೆ ಬರುವ ಬಾಗಿಲು, ಬಾಗಿಲಲ್ಲಿ ನಿಂತವನ ಕೈಯಲ್ಲಿ ಬಂದೂಕಿದ್ದರೆ ಒಳಗೆ ಬರುವವನು ಅಂಜುತ್ತಾನೆ. ಅವನಿಗೆ ಈ ಉತ್ತರವು ಹಿಡಿಸಲಿಲ್ಲ. ನನಗೂ ಪೂರ್ತಿಯಾಗಿ ಹಿಡಿಸಿಲ್ಲ.

ಚಿತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕಾಡುಗಳ್ಳನು ತನ್ನೊಬ್ಬನ ಬಲದಿಂದ ಬೆಳೆಯುವುದಿಲ್ಲ, ಅವನ ಬೆನ್ನಿಗೆ ಅಧಿಕಾರದಲ್ಲಿರುವವರು ನಿಂತಿರುತ್ತಾರೆ ಎಂಬುದನ್ನು ಅದು 1991ರಲ್ಲಿಯೇ ಧೈರ್ಯದಿಂದ ಹೇಳಿತು. ಆದರೆ ನಾಯಕನ ಪೆಟ್ಟು ಬೀಳುವುದು ಸದಾ ತಪ್ಪಿತಸ್ಥನ ಮೇಲೆಯೇ. ಆದುದರಿಂದ ನಾವು ಶಿಳ್ಳೆ ಹೊಡೆಯುತ್ತೇವೆ. ಸಮವಸ್ತ್ರದವರ ಪೆಟ್ಟು ಯಾರ ಮೇಲೆ ಬೀಳುತ್ತದೆಂಬುದಕ್ಕೆ ನಮ್ಮ ಧರ್ಮಪುರಿ ಜಿಲ್ಲೆಯಲ್ಲಿಯೇ ಬೇರೊಂದು ದಾಖಲೆಯಿದೆ.

ಅರೂರಿನ ಬಳಿ, ಸಿತ್ತೇರಿ ಬೆಟ್ಟದ ಬುಡದಲ್ಲಿ ವಾಚಾತ್ತಿ ಎಂಬ ಹಳ್ಳಿ. ಅಲ್ಲಿರುವವರು ಮಲೆಯಾಳಿ ಬುಡಕಟ್ಟಿನವರು (ಹೆಸರು ಕೇಳಿ ಕೇರಳದವರೆಂದು ತಿಳಿಯಬಾರದು; ಇವರು ನಮ್ಮ ಬೆಟ್ಟಗಳವರೇ). 1992ರ ಜೂನ್ 20ರಂದು ಅರಣ್ಯ, ಪೊಲೀಸ್ ಹಾಗೂ ಕಂದಾಯ ಇಲಾಖೆಗಳವರು ಕಳವಿನ ಶ್ರೀಗಂಧವನ್ನು ಹುಡುಕುವ ಹೆಸರಿನಲ್ಲಿ ಆ ಹಳ್ಳಿಗೆ ನುಗ್ಗಿದರು. ಜನರನ್ನು ಥಳಿಸಿದರು, ಮನೆಗಳನ್ನು ಹಾಳುಗೆಡವಿದರು, ಹದಿನೆಂಟು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ತನಿಖೆಯು ಸಿಬಿಐಗೆ ಹೋಯಿತು. ಆರೋಪಿಗಳು 269 ಮಂದಿ. ತೀರ್ಪು ಬರುವಷ್ಟರಲ್ಲಿ 54 ಮಂದಿ ಸತ್ತಿದ್ದರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ಸೆಷನ್ಸ್ ನ್ಯಾಯಾಲಯವು ಉಳಿದ 215 ಮಂದಿಯನ್ನೂ ಅಪರಾಧಿಗಳೆಂದು ಸಾರಿತು: ಅರಣ್ಯ ಇಲಾಖೆಯ 126, ಪೊಲೀಸ್ ಇಲಾಖೆಯ 84, ಕಂದಾಯ ಇಲಾಖೆಯ ಐವರು. ಅವರು ಮೇಲ್ಮನವಿ ಸಲ್ಲಿಸಿದರು. ಹನ್ನೆರಡು ವರ್ಷಗಳು ತುಂಬಿದ ದಿನವೇ, ಅಂದರೆ 2023ರ ಸೆಪ್ಟೆಂಬರ್ 29ರಂದು, ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಅವರು ಆ ಮೇಲ್ಮನವಿಗಳನ್ನು ತಳ್ಳಿಹಾಕಿ, ನೊಂದ ಮಹಿಳೆಯರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸಿದರು. ತೀರ್ಪಿಗೆ ಮುನ್ನ ಅವರು ಸ್ವತಃ ಆ ಹಳ್ಳಿಗೆ ಹೋಗಿ ನೋಡಿ ಬಂದಿದ್ದರು.

ಮೂವತ್ತೊಂದು ವರ್ಷಗಳು. ಪ್ರಭಾಕರನ್ನನಿಗೆ ಬೇಕಾದುದು ಎರಡೂವರೆ ಗಂಟೆ. ಕಕ್ಷಿದಾರರು ನನ್ನ ಕಚೇರಿಗೆ ಬಂದು, “ಇನ್ನೆಷ್ಟು ವಾಯಿದೆ ಸ್ವಾಮಿ?” ಎಂದು ಕೇಳುವಾಗ ನನಗೂ ಆ ಎರಡೂವರೆ ಗಂಟೆಯ ಮೇಲೆ ಆಸೆಯಾಗುತ್ತದೆ. ಆದರೆ ವಾಚಾತ್ತಿಯ ಹೆಂಗಸರು ಸಾಕ್ಷಿಕಟ್ಟೆಯನ್ನು ಹತ್ತಿ, ಪಾಟೀಸವಾಲುಗಳನ್ನೆದುರಿಸಿ, ತಮ್ಮ ಮಾತಿನಲ್ಲಿ ನಿಂತರು. ಆ ಸಾಕ್ಷ್ಯವು ಉಚ್ಚ ನ್ಯಾಯಾಲಯದವರೆಗೂ ಅಲುಗಲಿಲ್ಲ. ಅದಕ್ಕಿಂತ ದೊಡ್ಡ ಸಾಹಸದೃಶ್ಯವನ್ನು ನಾನು ಯಾವ ಚಿತ್ರದಲ್ಲಿಯೂ ಕಂಡಿಲ್ಲ.

ಪಾಲಕರ ಉಪಯೋಗಕ್ಕಾಗಿ ಒಂದು ಮಾತು. 2024ರ ಹೊಸ ನಿಯಮಗಳಂತೆ ಚಿತ್ರಗಳ ಯುಎ ಪ್ರಮಾಣಪತ್ರವನ್ನು 7+, 13+, 16+ ಎಂದು ವಯಸ್ಸಿಗನುಗುಣವಾಗಿ ವಿಂಗಡಿಸಲಾಗಿದೆ. ಇದು ನಮಗೆ ಕೊಟ್ಟಿರುವ ಸೂಚನೆ. ಬಾಗಿಲಲ್ಲಿ ಚೀಟಿ ಹರಿಯುವವನು ಮಕ್ಕಳ ವಯಸ್ಸನ್ನು ಕೇಳುವನೆಂದು ನಂಬಿ ಕೂರಬೇಡಿ.

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ವೀರಪ್ಪನ್ ಪೊಲೀಸರ ಗುಂಡಿಗೆ ಸತ್ತನು. ಅವನನ್ನು ಹೂಳಿರುವುದು ಸೇಲಂ ಜಿಲ್ಲೆಯ ಮೇಟ್ಟೂರಿನ ಬಳಿ, ಮೂಲಕಾಡಿನಲ್ಲಿ. ಬರುವ ರಜೆಯಲ್ಲಿ ಆ ಸಮಾಧಿಯನ್ನು ನೋಡಬೇಕೆಂದು ಮಗನು ಹಟ ಹಿಡಿದಿದ್ದಾನೆ. ಒಪ್ಪಿದ್ದೇನೆ, ಆದರೆ ಅಲ್ಲಿಂದ ಹಿಂದಿರುಗುವಂತಿಲ್ಲ, ಕೊಳತ್ತೂರು, ಪಾಲಾರ್ ದಾಟಿ ಗೋಪಿನಾಥಂನ ಮಾರಿಯಮ್ಮನ ಗುಡಿಯವರೆಗೂ ಹೋಗಬೇಕು ಎಂಬುದು ನನ್ನ ಷರತ್ತು. “ಅಲ್ಲಿ ಕನ್ನಡದಲ್ಲಿ ಮಾತನಾಡಬೇಕೋ, ತಮಿಳಿನಲ್ಲೋ?” ಎಂದು ಕೇಳಿದನು. ಎರಡನ್ನೂ ಸಿದ್ಧಮಾಡಿಕೊಂಡು ಬಾ ಎಂದಿದ್ದೇನೆ.