ಪುಟ ಕಾಯುತ್ತಿದ್ದರೆ ಸ್ಫೂರ್ತಿ ಬರುತ್ತದೆ

1961ರಲ್ಲಿ ಸತ್ಯಜಿತ್ ರೇ ಅವರಿಗೆ ನಲವತ್ತು ವರ್ಷ. ಅಪು ಎಂಬ ಹುಡುಗನ ಬದುಕಿನ ಬಗ್ಗೆ ಅವರು ನಿರ್ದೇಶಿಸಿದ ಮೂರೂ ಚಿತ್ರಗಳು ತೆರೆಕಂಡು ಅವರ ಹೆಸರು ದೇಶದ ಆಚೆಗೂ ಹೋಗಿತ್ತು. ಆದರೆ ಬಂಗಾಳಿ ಓದುಗರಿಗೆ ಅವರು ಕಥೆಗಾರರೆಂದು ಗೊತ್ತಿರಲಿಲ್ಲ. ಗೊತ್ತಾಗುವಂಥದ್ದನ್ನು ಅವರು ಬರೆದೂ ಇರಲಿಲ್ಲ. ತಾತ ಉಪೇಂದ್ರಕಿಶೋರ್ 1913ರಲ್ಲಿ ಆರಂಭಿಸಿ, ಮುಂದೆ ನಿಂತೇಹೋಗಿದ್ದ ‘ಸಂದೇಶ್’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆ ವರ್ಷ ಕವಿ ಸುಭಾಷ್ ಮುಖೋಪಾಧ್ಯಾಯರ ಜೊತೆಗೂಡಿ ಕೋಲ್ಕತ್ತದಲ್ಲಿ ಮತ್ತೆ ಹೊರತಂದರು. ಪತ್ರಿಕೆ ಎಂದ ಮೇಲೆ ತಿಂಗಳು ತಿಂಗಳು ಪುಟ ತುಂಬಬೇಕಲ್ಲ. ಮೊದಲು ಎಡ್ವರ್ಡ್ ಲಿಯರ್‌ನ ತಮಾಷೆಯ ಪದ್ಯವನ್ನು ಬಂಗಾಳಿಗೆ ತಂದರು. ಅದೇ ವರ್ಷ ದಿನಚರಿಯ ರೂಪದಲ್ಲಿ ಪ್ರೊಫೆಸರ್ ಶೊಂಕು ಎಂಬ ವಿಜ್ಞಾನಿಯ ಮೊದಲ ಕಥೆ ಬಂತು. 1965ರಲ್ಲಿ ಪತ್ತೇದಾರ ಫೆಲೂದಾ ಹುಟ್ಟಿದ. ಬಂಗಾಳದ ಮನೆಮನೆಯ ಮಕ್ಕಳು ಓದಿಕೊಂಡು ಬೆಳೆದ ಈ ಇಬ್ಬರೂ ‘ಸಂದೇಶ್’ ನಿಂತೇ ಇದ್ದಿದ್ದರೆ ಹುಟ್ಟುತ್ತಿದ್ದರೆಂದು ಹೇಳುವುದು ಕಷ್ಟ. ನಾವು ಸಾಮಾನ್ಯವಾಗಿ ತಿಳಿದಿರುವುದು ಇದಕ್ಕೆ ವಿರುದ್ಧ: ಸ್ಫೂರ್ತಿ ಮೊದಲು ಬರಬೇಕು, ಬರವಣಿಗೆ ಅದರ ಹಿಂದೆ ಬರುತ್ತದೆ ಎಂದು. ಹರೆಯದಲ್ಲಿ ನಾಲ್ಕು ಕವಿತೆ ಬರೆದು, ನೌಕರಿ ಸಂಸಾರಗಳಲ್ಲಿ ಪೆನ್ನು ಮುಚ್ಚಿಟ್ಟವರು ಎಷ್ಟೋ ಜನ. ‘ಈಗ ಏನೂ ಹೊಳೆಯುವುದಿಲ್ಲ’ ಎಂದು ಅವರು ಹೇಳುವಾಗ ಅದೇ ನಂಬಿಕೆಯ ಮೇಲೆ ನಿಂತಿರುತ್ತಾರೆ. ಹೊಳೆಯದ್ದರಿಂದ ಬರೆಯುವುದು ನಿಂತಿತೋ, ಬರೆಯುವುದು ನಿಂತದ್ದರಿಂದ ಹೊಳೆಯುವುದೂ ನಿಂತಿತೋ ಎಂಬುದನ್ನು ಕೇಳಿನೋಡಬೇಕು. ಎರಡನೆಯದೇ ನಿಜ ಎನ್ನುವುದಕ್ಕೆ ಕೋಲ್ಕತ್ತದ ಸಾಹಿತ್ಯ ಚರಿತ್ರೆಯಲ್ಲಿ ಗಟ್ಟಿ ಸಾಕ್ಷ್ಯಗಳಿವೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯ ರವೀಂದ್ರನಾಥ ಠಾಕೂರರ ಕಾಗದಗಳು. ಕೋಲ್ಕತ್ತದ ಜೋಡಾಸಾಂಕೋದ ದೊಡ್ಡ ಮನೆಯಿಂದ ಹೊರಟು, ಮನೆತನದ ಜಮೀನು ನೋಡಿಕೊಳ್ಳಲು ಅವರು ಶಿಲೈದಹ, ಶಹಜಾದ್‌ಪುರ, ಪತಿಸರಗಳಲ್ಲಿ ಓಡಾಡುತ್ತಿದ್ದ ಕಾಲದವು ಅವುಗಳಲ್ಲಿ ಹೆಚ್ಚಿನವು. ಅಣ್ಣ ಸತ್ಯೇಂದ್ರನಾಥರ ಮಗಳು ಇಂದಿರಾದೇವಿಗೆ 1887ರಿಂದ 1895ರವರೆಗೆ ಅವರು ಕಾಗದ ಬರೆಯುತ್ತ ಹೋದರು. ದೋಣಿಯ ಕಿಟಕಿಯಿಂದ ಕಂಡ ದಡ, ಮಳೆ, ಲೆಕ್ಕಪತ್ರ ತಂದ ಗುಮಾಸ್ತರು, ಮಧ್ಯಾಹ್ನದ ಬೇಸರ, ಎಲ್ಲವೂ ಅವುಗಳಲ್ಲಿ ಬರುತ್ತವೆ. ನದಿದಡದಲ್ಲಿ ಬಿದ್ದಿದ್ದ ದೋಣಿಯ ಕೂವೆಮರವನ್ನು ಹುಡುಗರು ಉರುಳಿಸಿ ಆಡುತ್ತಿದ್ದುದನ್ನು 1891ರ ಒಂದು ಕಾಗದದಲ್ಲಿ ಬರೆದಿದ್ದಾರೆ. ಗಂಡುಹುಡುಗನಂತೆ ಕೂದಲು ಕತ್ತರಿಸಿಕೊಂಡ ಹುಡುಗಿಯೊಬ್ಬಳನ್ನು ಘಾಟಿನಲ್ಲಿ ಜನ ಬೀಳ್ಕೊಟ್ಟದ್ದನ್ನು ಅದೇ ವರ್ಷದ ಇನ್ನೊಂದರಲ್ಲಿ ಬರೆದಿದ್ದಾರೆ. ಮೊದಲನೆಯದು ಮುಂದೆ ‘ಛುಟಿ’ ಕಥೆಯ ಆರಂಭವಾಯಿತು. ಎರಡನೆಯ ಹುಡುಗಿ ‘ಸಮಾಪ್ತಿ’ಯ ಮೃಣ್ಮಯಿಯಾದಳು. ಕಥೆಗಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ ಎಂಬ ಭಾವ ಆ ಕಾಗದಗಳಲ್ಲಿಲ್ಲ. ಮನೆಯ ಹುಡುಗಿಗೆ ಇವತ್ತು ಕಂಡದ್ದನ್ನು ಹೇಳಬೇಕು, ಅಷ್ಟೆ. ಹೇಳಬೇಕಾಗಿದ್ದರಿಂದಲೇ ಕಣ್ಣು ಆ ಹುಡುಗರ ಆಟದ ಮೇಲೆ ನಿಂತಿತು ಎಂದು ನನಗನ್ನಿಸುತ್ತದೆ. ಆ ಮೇಲೆ 1891ರ ಕೊನೆಯಲ್ಲಿ ಮನೆಯವರೇ ‘ಸಾಧನಾ’ ಮಾಸಿಕವನ್ನು ಆರಂಭಿಸಿದಾಗ ಅದಕ್ಕೆ ಕಥೆಗಳು ಬೇಕಾದವು. ಕಾಗದಗಳಲ್ಲಿ ಕೂಡಿದ್ದ ನೋಟ ಅಲ್ಲಿ ಕಥೆಯಾಗಿ ಇಳಿಯಿತು. ಇಂದಿರಾದೇವಿ ಆ ಕಾಗದಗಳನ್ನು ನೋಟುಪುಸ್ತಕಗಳಲ್ಲಿ ನಕಲು ಮಾಡಿ ಚಿಕ್ಕಪ್ಪನಿಗೆ ಕೊಟ್ಟಿದ್ದರಿಂದಲೇ 1912ರಲ್ಲಿ ‘ಛಿನ್ನಪತ್ರ’ ಎಂಬ ಪುಸ್ತಕ ಸಾಧ್ಯವಾಯಿತು.

ಕಂಡದ್ದನ್ನು ಬರೆದಿಟ್ಟ ಕೂಡಲೇ ಫಲ ಸಿಗಬೇಕೆಂದೂ ಇಲ್ಲ. ಕಾದಂಬರಿಕಾರ ವಿಭೂತಿಭೂಷಣ ಬಂದ್ಯೋಪಾಧ್ಯಾಯರು ಭಾಗಲ್ಪುರದ ಕಡೆ ಕೋಲ್ಕತ್ತದ ಜಮೀನ್ದಾರರೊಬ್ಬರ ಕಾಡುಜಮೀನಿನ ಉಸ್ತುವಾರಿಗಿದ್ದರು. ‘ಪಥೇರ್ ಪಾಂಚಾಲಿ’ ಬರೆದದ್ದು ಆ ನೌಕರಿಯ ದಿನಗಳಲ್ಲೇ. ಈ ಕಾಡಿನ ಬದುಕಿನ ಬಗ್ಗೆ ಏನಾದರೂ ಬರೆಯಬೇಕೆಂದು 1928ರ ದಿನಚರಿಯಲ್ಲಿ ಗುರುತು ಹಾಕಿಕೊಂಡರು. ಆ ‘ಏನಾದರೂ’ ಎಂಬುದು ‘ಆರಣ್ಯಕ’ವೆಂಬ ಕಾದಂಬರಿಯಾಗಿ ಪುಸ್ತಕರೂಪದಲ್ಲಿ ಬಂದದ್ದು 1939ರಲ್ಲಿ. ನಮ್ಮಲ್ಲೂ ಇದೇ ಕ್ರಮವನ್ನು ಕಾಣಬಹುದು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿ, ‘ಕಾನೂರು ಹೆಗ್ಗಡಿತಿ’ 1936ರಲ್ಲಿ. ಬೇಟೆ, ಮಳೆ, ಮನೆಮಂದಿಯ ಮಾತುಕತೆಗಳನ್ನು ಬಿಡಿ ಚಿತ್ರಗಳಾಗಿ ಬರೆದ ಕೈಗೆ ಆಮೇಲೆ ಅಷ್ಟು ದೊಡ್ಡ ಲೋಕ ಒಗ್ಗಿತು.

ಇವರೆಲ್ಲ ಮಹಾಪ್ರತಿಭೆಗಳು, ಠಾಕೂರರಿಗಂತೂ ಜಮೀನ್ದಾರಿಕೆಯ ಬಿಡುವಿತ್ತು, ದಿನಕ್ಕೆರಡು ಬಸ್ಸು ಹಿಡಿಯುವವರಿಗೆ ಈ ಮಾತು ಹೇಗೆ ಅನ್ವಯಿಸುತ್ತದೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬಿಡುವು ಬೇಕು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ವಿಭೂತಿಭೂಷಣರು ಬಡತನದಲ್ಲಿ ಬೆಳೆದು ಸಂಬಳಕ್ಕೆ ದುಡಿದವರು, ಬದುಕಿನ ಹೆಚ್ಚು ಕಾಲ ಶಾಲೆಯ ಮೇಷ್ಟರಾಗಿದ್ದವರು. ಬಿಡುವೂ ಇಲ್ಲದ, ಅಕ್ಷರವೂ ಇಲ್ಲದ ಕಡೆಯಿಂದ ಬಂದವರು ರಾಸಸುಂದರಿ ದೇವಿ. ಹತ್ತೊಂಬತ್ತನೆಯ ಶತಮಾನದ ಆ ಗೃಹಿಣಿ ಚೈತನ್ಯ ಭಾಗವತದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗ ತಿದ್ದಿದ ತಾಳೆಗರಿಯ ಅಕ್ಷರಗಳ ಜೊತೆ ಅದನ್ನು ಹೋಲಿಸಿ, ಯಾರಿಗೂ ಕಾಣದಂತೆ ಓದಲು ಕಲಿತರು. ಬರೆಯಲು ಕಲಿತದ್ದು ಇನ್ನೂ ತಡವಾಗಿ. ಅವರ ‘ಆಮಾರ್ ಜೀಬನ್’ ಬಂಗಾಳಿಯ ಮೊದಲ ಆತ್ಮಕಥೆ ಎಂಬ ಹೆಸರು ಪಡೆದಿದೆ. ಅದರಲ್ಲಿರುವುದು ದೊಡ್ಡ ಘಟನೆಗಳಲ್ಲ. ಒಲೆ, ಮಕ್ಕಳು, ಮನೆಗೆಲಸದ ಗದ್ದಲದಲ್ಲಿ ಊಟಕ್ಕೂ ಪುರುಸೊತ್ತಿಲ್ಲದ ದಿನಗಳು. ಸುಮಾರು ನೂರೈವತ್ತು ವರ್ಷಗಳ ನಂತರವೂ ಚರಿತ್ರಕಾರರು ಆ ಪುಸ್ತಕಕ್ಕೆ ಮರಳುತ್ತಿರುವುದು ಈ ದಿನಗಳಿಗಾಗಿಯೇ. ಬರೆಯುವಂಥದ್ದು ನನ್ನ ಬದುಕಿನಲ್ಲಿ ಏನೂ ಇಲ್ಲ ಎನ್ನುವವರಿಗೆ ಇದಕ್ಕಿಂತ ಖಚಿತ ಉತ್ತರ ನನಗೆ ಗೊತ್ತಿಲ್ಲ.

ದಿನವೂ ಬರೆದರೆ ಬರುವುದರಲ್ಲಿ ಹೆಚ್ಚು ಪಾಲು ಕಸವೇ ಎಂಬ ಮಾತೂ ಇದೆ. ಅದು ನಿಜ, ಕಸವನ್ನು ಹೊಡೆದುಹಾಕಲೇಬೇಕು. ಆದರೆ ಹೊಡೆದುಹಾಕಿದ್ದೂ ಒಮ್ಮೊಮ್ಮೆ ಬೇರೆ ದಾರಿ ತೆರೆಯುತ್ತದೆ. 1924ರಲ್ಲಿ, ಅರವತ್ಮೂರನೆಯ ವಯಸ್ಸಿನಲ್ಲಿ, ‘ಪೂರಬಿ’ ಕವನಸಂಕಲನದ ಹಸ್ತಪ್ರತಿಯಲ್ಲಿ ಬೇಡದ ಸಾಲುಗಳನ್ನು ಕಾಟು ಹಾಕುತ್ತಿದ್ದ ಠಾಕೂರರು ಆ ಕಾಟುಗಳನ್ನೇ ಒಂದಕ್ಕೊಂದು ಸೇರಿಸುತ್ತ ಹಕ್ಕಿ, ಮುಖ, ವಿಚಿತ್ರ ಪ್ರಾಣಿಗಳನ್ನು ಮಾಡತೊಡಗಿದ್ದರು. ಅರ್ಜೆಂಟೀನಾದಲ್ಲಿ ಅದನ್ನು ಕಂಡ ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರೇ ಮುಂದೆ ನಿಂತು 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಿದರು. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬಿಟ್ಟುಹೋದ ಚಿತ್ರಕಾರ ಆ ಕಾಟುಗಳ ನಡುವೆ ಕೈ ಪಳಗಿಸಿಕೊಂಡವರು.

ನನ್ನ ವಾದಕ್ಕೆ ನಿಜವಾಗಿ ಎದುರು ನಿಲ್ಲುವವರು ಬಂಗಾಳಿ ಕವಿ ಜೀವನಾನಂದ ದಾಸ್. ಯಾರಾದರೂ ಕಾಯುತ್ತಿದ್ದರೆ ಬರವಣಿಗೆ ಬರುತ್ತದೆ ಎಂದು ಇಲ್ಲಿಯವರೆಗೆ ಹೇಳುತ್ತ ಬಂದೆ. ಅವರ ಕಾದಂಬರಿಗಳಿಗೆ ಯಾರೂ ಕಾಯುತ್ತಿರಲಿಲ್ಲ. 1954ರ ಅಕ್ಟೋಬರಿನಲ್ಲಿ ದಕ್ಷಿಣ ಕೋಲ್ಕತ್ತದಲ್ಲಿ ಟ್ರಾಮ್ ಬಡಿದು ಅವರು ತೀರಿಕೊಂಡ ಮೇಲೆ ಪೆಟ್ಟಿಗೆಗಳಿಂದ ಕಾದಂಬರಿಗಳೂ ಕಥೆಗಳೂ ರಾಶಿರಾಶಿಯಾಗಿ ಹೊರಬಂದವು. 1934ರಲ್ಲಿ ಬರೆದ ‘ರೂಪಸೀ ಬಾಂಗ್ಲಾ’ದ ಪದ್ಯಗಳು ಅಚ್ಚಾದದ್ದು 1957ರಲ್ಲಿ. ಓದುಗರಿಲ್ಲದೆಯೂ ನೋಟುಪುಸ್ತಕಗಳ ಮೇಲೆ ನೋಟುಪುಸ್ತಕ ತುಂಬಿಸಬಹುದು ಎಂದು ಅವರು ತೋರಿಸಿದರು. ಇದನ್ನು ನಾನು ಒಪ್ಪುತ್ತೇನೆ. ಆದರೆ ಅವರ ಬಾಳಿನ ಒಂಟಿತನವನ್ನು ನೆನೆದರೆ, ಅದನ್ನು ಯಾರಿಗೂ ಮಾದರಿ ಎಂದು ಹೇಳುವ ಧೈರ್ಯ ಬರುವುದಿಲ್ಲ. ಅವರ ಕವಿತೆಗಳನ್ನಾದರೂ ಕವಿ ಬುದ್ಧದೇವ ಬಸು 1935ರಲ್ಲಿ ಆರಂಭಿಸಿದ ‘ಕವಿತಾ’ ಪತ್ರಿಕೆ ಅಕ್ಕರೆಯಿಂದ ಅಚ್ಚುಹಾಕಿತು. ಸಣ್ಣ ಪತ್ರಿಕೆ, ಕಡಿಮೆ ಓದುಗರು, ಆದರೆ ಮುಂದಿನ ಸಂಚಿಕೆಗೆ ಏನು ಕೊಡುತ್ತೀರಿ ಎಂದು ಕೇಳುವ ಒಬ್ಬ ಮನುಷ್ಯ. ಕೋಲ್ಕತ್ತದ ನೂರಾರು ಲಿಟಲ್ ಮ್ಯಾಗಜಿನ್‌ಗಳು ಮಾಡಿದ್ದು ಈ ಕೇಳುವ ಕೆಲಸವನ್ನೇ. ಅಂಥವು ರದ್ದಿಗೆ ಹೋಗುವುದನ್ನು ಕಂಡು ನೊಂದ ಸಂದೀಪ್ ದತ್ತ 1978ರಲ್ಲಿ ಕಾಲೇಜ್ ಸ್ಟ್ರೀಟಿಗೆ ಹತ್ತಿರದ ಟೇಮರ್ ಲೇನಿನ ತಮ್ಮ ಮನೆಯಲ್ಲೇ ಅವುಗಳಿಗೆ ಗ್ರಂಥಾಲಯ ಮಾಡಿದರು. 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಅಲ್ಲಿ ಕೂಡಿಟ್ಟ ಪತ್ರಿಕೆಗಳಲ್ಲಿ ಬರೆದವರಲ್ಲಿ ಗುಮಾಸ್ತರೂ ಮೇಷ್ಟರೂ ಕಾಲೇಜು ಹುಡುಗ ಹುಡುಗಿಯರೂ ಇದ್ದರು. ಅವರೆಲ್ಲ ಪ್ರಸಿದ್ಧರಾಗಲಿಲ್ಲ. ಆದರೂ ಬರೆದ ವಾರ ತಮ್ಮ ಬೀದಿಯನ್ನು ಅವರು ಬೇರೆ ಕಣ್ಣಿನಿಂದ ನೋಡಿರುತ್ತಾರೆ. ಮತ್ತೆ ಪೆನ್ನು ಹಿಡಿಯಬೇಕೆನ್ನುವವರು ಸ್ಫೂರ್ತಿಯನ್ನು ಹುಡುಕಿಕೊಂಡು ಹೋಗುವ ಮೊದಲು, ತಿಂಗಳಿಗೊಂದು ಪುಟ ಬರೆದು ಕಳಿಸಿ ಎಂದು ಪಟ್ಟುಹಿಡಿದು ಕೇಳುವ ಒಬ್ಬ ಸ್ನೇಹಿತರನ್ನೋ, ಅಕ್ಕನನ್ನೋ, ಊರಿನ ಸಣ್ಣ ಪತ್ರಿಕೆಯ ಸಂಪಾದಕರನ್ನೋ ಹುಡುಕಿಕೊಳ್ಳಲಿ.